ಸಪ್ಪೆ ನೀರು

ಸತ್ತು ಬದುಕಿದವಳು ಎಂದು ನನ್ನನ್ನು ಕರೆಯುವವರು ಅಜ್ಜಂಪುರದಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಸತ್ತಿರಲೂ ಇಲ್ಲ, ದೇವರು ನನಗೆ ಯಾವ ಬೆಳಕನ್ನೂ ತೋರಿಸಲಿಲ್ಲ. ವಾಂತಿಭೇದಿಯಾಗಿತ್ತು, ಹನ್ನೊಂದು ದಿನ ಊರಾಚೆಯ ಚಪ್ಪರದಲ್ಲಿ ಮಲಗಿದ್ದೆ, ಎದ್ದು ಮನೆಗೆ ಬಂದೆ, ಅಷ್ಟೆ. ಮೊನ್ನೆ ನಮ್ಮ ಬೀದಿಯ ಹೆಂಗಸೊಬ್ಬಳು ಹಿತ್ತಲ ಬಾಗಿಲಿಗೆ ಬಂದು, ಯಾರಿಗೂ ಕೇಳಿಸದ ಹಾಗೆ, "ಅಕ್ಕಾ, ಆ ಕಾಯಿಲೇಲಿ ಒಳಗೊಳಗೆ ಹೆಂಗಾಗ್ತದೆ? ನನ್ನ ಮಗಳ ಕೈಕಾಲು ತಣ್ಣಗಾಗೈತೆ, ಕಣ್ಣು ಒಳಕ್ಕೆ ಹೋಗೈತೆ, ಮಾತೇ ಆಡಲ್ಲ" ಎಂದು ಅತ್ತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾತಾಡದೆ ಮಲಗಿರುವವರಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ಎಲ್ಲವೂ ಕಾಣುತ್ತಿರುತ್ತದೆ. ಅದನ್ನು ಮೊದಲು ತಿಳಿದುಕೊಳ್ಳಿ.

ಆಗ ನನಗೆ ಹತ್ತೊಂಬತ್ತು ವರ್ಷ. ಮಗನಿಗೆ ಏಳು ತಿಂಗಳು. ನಮ್ಮದು ಪೇಟೆಯಲ್ಲಿ ಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಮಾರುವ ಅಂಗಡಿ. ಅಂಗಡಿ ನೋಡುತ್ತಿದ್ದವರು ನಮ್ಮ ಯಜಮಾನರು, ಅಂಗಡಿಯನ್ನೂ ಯಜಮಾನರನ್ನೂ ಸೇರಿಸಿ ನೋಡುತ್ತಿದ್ದವರು ಅತ್ತೆ ಹಾಲಮ್ಮ. ಅವರು ಹಾಕಿದ ಮಾವಿನಮಿಡಿ ಮೂರು ವರ್ಷ ಕಳೆದರೂ ಕಟುಂ ಎನ್ನಬೇಕು. ಮಠಕ್ಕೆ ವರ್ಷಕ್ಕೆ ಎರಡು ಜಾಡಿ ಇಲ್ಲಿಂದಲೇ ಹೋಗುತ್ತಿದ್ದವು. ಮಡಿ ಆಚಾರದಲ್ಲಿ ಅವರದು ಬೇರೆಯವರಿಗಿಂತ ಒಂದು ಕೈ ಹೆಚ್ಚು. ಲಿಂಗ ಕಟ್ಟದವರು ಮುಟ್ಟಿದ ನೀರು ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಾಡಿ ಹತ್ತಿದರೆ ಸಾಕು, ನೀರು ತುಂಬಿದ ಹಿತ್ತಾಳೆ ಬಿಂದಿಗೆ ಬಾಯಿಗೆ ಬಟ್ಟೆ ಬಿಗಿದುಕೊಂಡು ಅವರ ಪಕ್ಕದಲ್ಲೇ ಕೂರುತ್ತಿತ್ತು.

ಆ ಬೇಸಗೆಯಲ್ಲಿ ಮಿಡಿ ತರುವುದಕ್ಕೆ ಲಿಂಗದಹಳ್ಳಿಗೆ ಹೋಗಿದ್ದೆವು. ಬರುವಾಗ ತರೀಕೆರೆ ದಾಟಿ ಒಂದು ತೋಪಿನ ಹತ್ತಿರ ಎತ್ತು ಬಿಚ್ಚಿದರು. ಬಿಂದಿಗೆಯ ನೀರು ಬಿಸಿಯಾಗಿತ್ತು, ತಳ ಕಂಡಿತ್ತು. ಎದೆಹಾಲು ಕುಡಿಸುವವಳು ನಾನು, ನನಗೆ ಬಾಯಾರಿಕೆ ಹೇಳತೀರದು. ತೋಪಿನ ಹಿಂದೆ ಒಂದು ಬಾವಿ, ಯಾರೋ ಹೆಂಗಸು ಸೇದುತ್ತಿದ್ದಳು. ಕೈ ಬೊಗಸೆ ಮಾಡಿದೆ. ಅವಳು ಸುರಿದಳು. ತಣ್ಣಗಿತ್ತು, ಸ್ವಲ್ಪ ಮಣ್ಣಿನ ವಾಸನೆಯಿತ್ತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು ಗಾಡಿಯಲ್ಲಿ ಕೂತೆ. ಅತ್ತೆಗೆ ಹೇಳಲಿಲ್ಲ. ಆ ಬಾವಿಯ ನೀರಿನಿಂದಲೇ ಬಂತೋ, ಬೇರೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆದರೆ ಮಲಗಿದ್ದಷ್ಟು ಹೊತ್ತೂ ಕದ್ದು ಕುಡಿದದ್ದಕ್ಕೆ ಇದು ಎಂದೇ ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು.

ಮನೆಗೆ ಬಂದ ಮಾರನೆಯ ದಿನ ಅತ್ತೆಯೂ ನಾನೂ ಕೂತು ಮಿಡಿಗೆ ಉಪ್ಪು ಹಾಕಿದೆವು. ಒಂದು ಪದರ ಮಿಡಿ, ಒಂದು ಪದರ ಉಪ್ಪು. ಒಂದು ತೊಟ್ಟು ನೀರು ಹಾಕುವ ಹಾಗಿಲ್ಲ. ಅದರ ಮರುದಿನ ಬೆಳಿಗ್ಗೆ, ಹಾಲು ಕಾಯಿಸುವ ಹೊತ್ತಿಗೆ, ನನಗೆ ಶುರುವಾಯಿತು.

ಶುರುವಾದದ್ದು ನೋವಿಲ್ಲದೆ. ಅದೇ ಮೋಸ ನೋಡಿ. ಹೊಟ್ಟೆನೋವು ಬಂದಿದ್ದರೆ ಓಂಕಾಳು ತಿಂದು ಮಲಗುತ್ತಿದ್ದೆ. ಇದು ಬರೀ ಹೋಗುವುದು, ಅಕ್ಕಿ ತೊಳೆದ ನೀರಿನ ಹಾಗೆ, ಮೇಲೂ ಕೆಳಗೂ. ನಾಲ್ಕು ಸಲ ಹಿತ್ತಲಿಗೆ ನಡೆದುಕೊಂಡು ಹೋದೆ. ಐದನೆಯ ಸಲ ಗೋಡೆ ಹಿಡಿದುಕೊಂಡೆ. ಆರನೆಯ ಸಲ ಏಳಲು ಆಗಲಿಲ್ಲ. ಮಗು ಅಳುತ್ತಿತ್ತು. ಅತ್ತೆ ಅದನ್ನು ಎತ್ತಿ, ಎದುರು ಮನೆಯ ಗಂಗಕ್ಕನ ಕೈಗೆ ಕೊಟ್ಟು, "ನಾನು ಹೇಳೋವರೆಗೂ ಈ ಕಡೆ ತರಬ್ಯಾಡ" ಎಂದರು. ಆ ಮಾತಿನಲ್ಲೇ ನನಗೆ ಇದು ಯಾವ ಕಾಯಿಲೆ ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಯಾರೂ ಆ ಹೆಸರನ್ನು ಎತ್ತುತ್ತಿರಲಿಲ್ಲ. ನಮ್ಮ ಯಜಮಾನರ ಅಕ್ಕ, ಗಿರಿಜಕ್ಕ, ನಾನು ಮದುವೆಯಾಗಿ ಬರುವ ಮೊದಲೇ ಅದರಲ್ಲಿ ಹೋಗಿದ್ದರು.

ಬಾಯಾರಿಕೆ. ಅದನ್ನು ಹೇಗೆ ಹೇಳಲಿ! ನಾಲಿಗೆ ಮರದ ಚೂರಿನ ಹಾಗೆ ಬಾಯಲ್ಲಿ ಬಿದ್ದಿತ್ತು. ಅಡುಗೆಮನೆಯ ಹಂಡೆಯಲ್ಲಿ ನೀರು ಅಲುಗುವ ಸದ್ದು ಕೇಳುತ್ತಿತ್ತು. "ನೀರು" ಎಂದೆ. ಅತ್ತೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿದರು.

"ಅವ್ವಾ, ಒಂದು ಗುಟುಕು ಕೊಡವ್ವಾ. ಹೆಂಗೆ ಕೇಳ್ತಾವಳೆ ನೋಡು" ಎಂದರು ನಮ್ಮ ಯಜಮಾನರು.

"ಕೊಟ್ರೆ ಕೆರಳ್ತದೆ ಕಣೋ. ನಿಮ್ಮಕ್ಕಂಗೆ ಮನಸ್ಸು ತಡೀದೆ ಕೊಟ್ಟೆ. ಏನಾಯ್ತು? ಬೆಳಗಾಗೋದ್ರೊಳಗೆ ಹೊರಟೇ ಹೋದ್ಲು. ಇನ್ನೊಬ್ಬಳನ್ನ ಈ ಕೈಯಾರೆ ಕಳಿಸ್ಲಾ?"

ಯಜಮಾನರು ಸುಮ್ಮನಾದರು. ಅವ್ವನ ಎದುರು ಅವರು ಯಾವಾಗಲೂ ಸುಮ್ಮನಾಗುವವರೇ. ನಾನು ಅತ್ತೆಯ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹೀರಿದೆ. ಅವರು ಎಳೆದುಕೊಂಡರು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಂಥ ದ್ವೇಷ ಬಂತೆಂದರೆ, ಎದ್ದು ನಿಲ್ಲುವ ಶಕ್ತಿ ಇದ್ದಿದ್ದರೆ ಹೊಡೆದೇ ಬಿಡುತ್ತಿದ್ದೆ. ಮುಚ್ಚಿಡುವುದು ಯಾಕೆ, ಬರೆದುಬಿಡುತ್ತೇನೆ. ಕಾಯಿಲೆಯವರ ಮನಸ್ಸಿನಲ್ಲಿ ಇಂಥದ್ದೆಲ್ಲ ಬರುತ್ತದೆ.

ಬಿಸಿಲೇರುವ ಹೊತ್ತಿಗೆ ಕಾಲಿನ ಮೀನಖಂಡಗಳು ಗಂಟು ಕಟ್ಟಿ ತಿರುಚತೊಡಗಿದವು. ಕೂಗಬೇಕೆಂದರೆ ದನಿಯೇ ಇಲ್ಲ, ಬರೀ ಗಾಳಿ. ಕೈ ಎತ್ತಿ ನೋಡಿಕೊಂಡೆ. ಬೆರಳ ತುದಿಯೆಲ್ಲ ಸುಕ್ಕು, ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಹಿಂದಿನ ದಿನ ಉಪ್ಪು ಸವರಿದ್ದ ಮಿಡಿಗಳೇ ಕಣ್ಣ ಮುಂದೆ ಬಂದವು. ಆಗ ಯಜಮಾನರು ತಮ್ಮ ಜನ್ಮದಲ್ಲಿ ಮೊದಲನೆಯ ಸಲ ಅವ್ವನನ್ನು ಕೇಳದೆ ಊರಾಚೆಯ ಚಪ್ಪರಕ್ಕೆ ಗಾಡಿ ಕಟ್ಟಿಸಿದರು.

"ಅಲ್ಲಿಗೆ ಹೋದೋರು ಯಾರು ಬಂದವ್ರೆ ಹೇಳೋ!" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಇಲ್ಲಿ ಇದ್ದೋರು ಯಾರು ಉಳಿದವ್ರೆ ಹೇಳವ್ವಾ" ಎಂದರು ಯಜಮಾನರು.

ಅತ್ತೆ ಪಕ್ಕಕ್ಕೆ ಸರಿದರು. ಆಮೇಲೆ ತಾವೂ ಗಾಡಿ ಹತ್ತಿದರು, ಬಿಂದಿಗೆ, ಒಂದು ಪಾತ್ರೆ, ಸೌದೆ, ವಿಭೂತಿ ಗಟ್ಟಿ ಎಲ್ಲ ಸಮೇತ.

ಚಪ್ಪರ ಇದ್ದದ್ದು ಊರಾಚೆ, ಹುಣಸೆಮರಗಳ ಪಕ್ಕ. ತೆಂಗಿನ ಗರಿಯ ಮಾಡು, ಸುತ್ತ ಬಿದಿರು ತಟ್ಟಿ. ಕಾಯಿಲೆ ಎದ್ದಾಗ ಸರ್ಕಾರದವರು ಕಟ್ಟಿಸಿ, ಒಬ್ಬ ಡಾಕ್ಟರನ್ನು ಕೂರಿಸಿದ್ದರು. ನಮಗಿಂತ ಮುಂಚೆ ಮೂರು ಗಾಡಿಗಳು ಬಂದು ನಿಂತಿದ್ದವು. ಕಾಯುವುದೆಂದರೆ ಏನೆಂದು ನನಗೆ ಗೊತ್ತಾದದ್ದು ಅಲ್ಲಿಯೇ. ಗಾಡಿಯ ಕಮಾನಿನ ಚಾಪೆಯಲ್ಲಿ ಒಂದು ತೂತಿತ್ತು. ಅದರಿಂದ ಬಿಸಿಲು ನನ್ನ ಹೊಟ್ಟೆಯ ಮೇಲೆ ಬಿದ್ದು, ನಿಧಾನವಾಗಿ ಎದೆಯ ಕಡೆಗೆ ಬರುತ್ತಿತ್ತು. ಮುಖಕ್ಕೆ ಬರುವಷ್ಟರಲ್ಲಿ ಒಳಗೆ ಕರೆಯದಿದ್ದರೆ ನಾನು ಉಳಿಯುವುದಿಲ್ಲ ಎಂದು ನಾನೇ ಒಂದು ಲೆಕ್ಕ ಹಾಕಿಕೊಂಡೆ. ಮುಂದಿನ ಗಾಡಿಯಲ್ಲಿ ಒಬ್ಬ ಗಂಡಸು ನರಳುತ್ತಿದ್ದ, ಸ್ವಲ್ಪ ಹೊತ್ತಿನ ಮೇಲೆ ನರಳಲಿಲ್ಲ. ಆ ಗಾಡಿ ಚಪ್ಪರಕ್ಕೆ ಹೋಗದೆ ವಾಪಸು ತಿರುಗಿತು. ಅತ್ತೆ ನನ್ನ ಕಣ್ಣಿನ ಮೇಲೆ ಕೈ ಇಟ್ಟು ಮುಚ್ಚಿದರು. ಎತ್ತುಗಳ ಗಂಟೆ ಸದ್ದಿಗೆ ನನಗೆ ಎಲ್ಲ ತಿಳಿದಿತ್ತು.

ಬಿಸಿಲು ಕತ್ತಿನ ತನಕ ಬಂದಾಗ ಕರೆದರು. ಡಾಕ್ಟರು ಎಳೆಯ ವಯಸ್ಸಿನವರು, ಗಡ್ಡ ಹೆರೆದು ಎಷ್ಟು ದಿನವಾಗಿತ್ತೋ, ಕಣ್ಣು ಕೆಂಪಗಿದ್ದವು. ನಾಡಿ ಹಿಡಿದರು, ಸಿಗಲಿಲ್ಲ. ಮೊಣಕೈಯಲ್ಲಿ ಹುಡುಕಿದರು, ಕತ್ತಿನಲ್ಲಿ ಹುಡುಕಿದರು.

"ಎಷ್ಟು ನೀರು ಕುಡಿಸಿದಿರಿ?" ಎಂದು ಕೇಳಿದರು.

"ಒಂದು ತೊಟ್ಟೂ ಕೊಟ್ಟಿಲ್ಲ ಸ್ವಾಮಿ" ಎಂದರು ಅತ್ತೆ, ಹೊಗಳುತ್ತಾರೆಂದು.

ಡಾಕ್ಟರು ಒಂದು ಸಲ ಅವರ ಮುಖ ನೋಡಿದರು. ಬೈಯಲಿಲ್ಲ. ಯಜಮಾನರನ್ನು ಕರೆದು, "ಮೈಯಲ್ಲಿರೋ ನೀರೆಲ್ಲ ಹೊರಟು ಹೋಗಿದೆ. ಈಗ ಬಾಯಲ್ಲಿ ಹಾಕಿದರೆ ನಿಲ್ಲೋದಿಲ್ಲ. ಕಾಲಿನ ರಕ್ತನಾಳ ಬಿಡಿಸಿ, ನೇರವಾಗಿ ಒಳಗೆ ನೀರು ಬಿಡಬೇಕು. ಒಂದು ಗಂಟೆಯೊಳಗೆ ಆಗಬೇಕು" ಎಂದರು.

ಅತ್ತೆಗೆ ಮೊದಲು ಹೊಳೆದದ್ದು ಬೇರೆಯೇ. "ಯಾರು ಮುಟ್ಟಿದ ನೀರು ಅದು?"

"ಆಸ್ಪತ್ರೆ ನೀರಮ್ಮ."

"ನೀವು ಯಾವ ಜನ ಸ್ವಾಮಿ?"

"ಡಾಕ್ಟರ್ ಜನ" ಎಂದರು ಅವರು. ಅತ್ತೆ ನಗಲಿಲ್ಲ.

"ಇವಳ ಕೊರಳಾಗೆ ಲಿಂಗ ಐತೆ. ಬಾಯಲ್ಲಿ ಕುಡಿಯೋ ನೀರಿಗೇ ನಮ್ಮಲ್ಲಿ ಇಷ್ಟು ನೇಮ ಐತೆ. ನೆತ್ತರಿಗೇ ಬೆರೆಸೋ ನೀರು ಯಾರ್ಯಾರದ್ದೋ ಆಗಾಕಿಲ್ಲ. ಉಳಿದ್ರೂ ಜಾತಿಗೆಟ್ಟು ಉಳೀಬೇಕಾ? ನಾನು ಕಾಯಿಸಿ ಕೊಡ್ತೀನಿ."

ಯಜಮಾನರು ಅವ್ವನ ಕಾಲು ಹಿಡಿಯುವುದೊಂದು ಬಾಕಿ. ಡಾಕ್ಟರು ಮಾತ್ರ ಕೈ ಅಡ್ಡ ಮಾಡಿದರು. "ಜಗಳಕ್ಕೆ ಹೊತ್ತಿಲ್ಲ. ನನ್ನ ಹಂಡೆಯಲ್ಲೂ ನೀರು ಮುಗೀತಾ ಬಂದಿದೆ. ಅಮ್ಮಾ, ನೀವೇ ಕಾಯಿಸಿ. ಕೊತಕೊತ ಕುದೀಬೇಕು, ತೊಳೆದ ಬಟ್ಟೇಲಿ ಸೋಸಬೇಕು. ಈ ಪೊಟ್ಟಣದಲ್ಲಿ ತೂಗಿಟ್ಟಿರೋ ಉಪ್ಪಿದೆ, ಅಷ್ಟನ್ನೂ ಹಾಕಿ. ಕೈ ಬಿಸಿ ತಡೆಯೋವಷ್ಟು ಆರಿದ ಮೇಲೆ ತನ್ನಿ" ಎಂದು ಒಂದು ಕಾಗದದ ಪೊಟ್ಟಣ ಕೊಟ್ಟರು.

"ಉಪ್ಪಾ?" ಎಂದರು ಅತ್ತೆ.

"ಉಪ್ಪೇ" ಎಂದು ಡಾಕ್ಟರು ನನ್ನ ಕಾಲಿನ ಕಡೆ ತಿರುಗಿದರು.

ನನ್ನನ್ನು ಮಲಗಿಸಿದ್ದ ಚಾಪೆಯ ಪಕ್ಕದ ತಟ್ಟಿಯಲ್ಲಿ ಒಂದು ಬಿದಿರು ಮುರಿದಿತ್ತು. ಆ ಸಂದಿಯಿಂದ ಹುಣಸೆಮರದ ಬುಡ ನೆಟ್ಟಗೆ ಕಾಣುತ್ತಿತ್ತು. ಅತ್ತೆ ಮೂರು ಕಲ್ಲು ಹೂಡಿದರು, ಬೆಂಕಿ ಮಾಡಿದರು, ಕಲ್ಲುಗಳಿಗೂ ವಿಭೂತಿ ಹಚ್ಚಿದರು. ನೀರು ಕುದಿಯಿತು. ಸೋಸಿದರು. ಪೊಟ್ಟಣ ಬಿಚ್ಚಿದರು. ಅಂಗೈಯಲ್ಲಿ ಹಿಡಿದುಕೊಂಡು ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ಅತ್ತ ಇತ್ತ ಕಣ್ಣಾಡಿಸಿ, ಪೊಟ್ಟಣವನ್ನು ಮತ್ತೆ ಮಡಿಸಿ, ಸೀರೆಯ ನೆರಿಗೆಯ ಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಾನು ನೋಡಿದೆ. ನಾನೊಬ್ಬಳೇ ನೋಡಿದ್ದು. ಯಜಮಾನರು ನನ್ನ ಭುಜ ಅದುಮಿ ಹಿಡಿದಿದ್ದರು, ಡಾಕ್ಟರು ಕಣಕಾಲಿನ ಹತ್ತಿರ ಬಗ್ಗಿದ್ದರು. ಅವರು ಕೊಯ್ದಾಗ ನನಗೆ ನೋವೇ ಆಗಲಿಲ್ಲ. ರಕ್ತವೂ ಬರಲಿಲ್ಲ. ಕಾಕಂಬಿಯಂಥದ್ದು ಒಂದು ಹನಿ ಕಪ್ಪಗೆ ಬಂದು ನಿಂತಿತು.

ಮೊದಲು ನನಗೆ ಏನನ್ನಿಸಿತು ಗೊತ್ತೇ? ಒಳ್ಳೆಯದೇ ಆಯಿತು ಅನ್ನಿಸಿತು! ನಾನೂ ಹಾಲಮ್ಮನ ಸೊಸೆಯೇ ತಾನೆ. ಉಪ್ಪು ಬಿದ್ದರೆ ಏನಾಗುತ್ತದೆಂದು ಈ ಕೈಗಳಿಗೂ ಗೊತ್ತು. ಗಟ್ಟಿ ಮಿಡಿ ಒಂದೇ ದಿನಕ್ಕೆ ಸುಕ್ಕಾಗುತ್ತದೆ, ಒಂದು ತೊಟ್ಟು ಹಾಕದ ಜಾಡಿಯಲ್ಲಿ ಮೊಳಕೈ ಮಟ್ಟ ನೀರು ನಿಲ್ಲುತ್ತದೆ. ಎಲ್ಲಾ ಮಿಡಿಯೊಳಗಿನ ನೀರೇ. ಈಗಾಗಲೇ ಒಣಗಿ ಸುಕ್ಕಾದ ನನ್ನೊಳಗೆ ಉಪ್ಪು ಸುರಿದರೆ ಉಳಿದದ್ದೂ ಹೊರಗೆ ಬಂದುಬಿಡುವುದಿಲ್ಲವೇ? ಅತ್ತೆ ನನ್ನನ್ನು ಉಳಿಸಿದರು ಎಂದುಕೊಂಡೆ.

ಅದಾದ ಮೇಲೆ ಭಯ ಶುರುವಾಯಿತು. ಬೆಳಗಿನಿಂದ ನೀರು ಕೊಡಬಾರದು ಎಂದವರೂ ಇವರೇ. ಅದೂ ನನ್ನನ್ನು ಉಳಿಸುವುದಕ್ಕೇ. ನೀರು ಕೊಡದೆ ನಾನು ಇಲ್ಲಿಗೆ ಬಂದು ಬಿದ್ದಿದ್ದೇನೆ. ಡಾಕ್ಟರು ತಿಳಿಯದವರಾದರೆ ಉಪ್ಪಿನಿಂದ ಸಾಯುತ್ತೇನೆ, ಅತ್ತೆ ತಿಳಿಯದವರಾದರೆ ಸಪ್ಪೆ ನೀರಿನಿಂದ ಸಾಯುತ್ತೇನೆ. ಹೇಳಲೋ ಬೇಡವೋ? ಹೇಳಿದರೆ ಪರಜನರ ಎದುರು ಅತ್ತೆಯನ್ನು ಕಳ್ಳಿ ಎಂದ ಹಾಗಾಯಿತು. ನಾನು ಉಳಿದರೆ ಅದೇ ಅತ್ತೆಯ ಜೊತೆ ಅದೇ ಅಡುಗೆಮನೆಯಲ್ಲಿ ಬಾಳಬೇಕು. ಪಾತ್ರೆ ಹುಣಸೆಮರದ ನೆರಳಲ್ಲಿ ಆರುತ್ತಿತ್ತು. ಅದು ಆರುವಷ್ಟೇ ಹೊತ್ತು ನನಗಿದ್ದದ್ದು. ಗಂಗಕ್ಕನ ಮನೆಯಲ್ಲಿ ಮಗು ಅಳುತ್ತಿದೆಯೋ ನಿದ್ದೆ ಮಾಡಿದೆಯೋ ಎಂಬ ಯೋಚನೆ ನಡುವೆ ನುಗ್ಗುತ್ತಿತ್ತು. ಅತ್ತೆ ಕೈ ಅದ್ದಿ ನೋಡಿ, ಪಾತ್ರೆ ಎತ್ತಿಕೊಂಡು ಒಳಗೆ ಬಂದರು.

ಡಾಕ್ಟರು ಗಾಜಿನ ಸೀಸೆಗೆ ಸುರಿದರು. ಸೀಸೆಯನ್ನು ಬಿದಿರಿಗೆ ನೇತುಹಾಕಿದರು. ಅದರ ರಬ್ಬರ್ ಕೊಳವೆಯ ತುದಿ ನನ್ನ ಕಾಲಿನ ಹತ್ತಿರ ಬಂತು.

"ಉಪ್ಪು" ಎಂದೆ. ಗಾಳಿ ಮಾತ್ರ ಬಂತು. ಇನ್ನೊಂದು ಸಲ ಎಂದೆ. ಡಾಕ್ಟರು ಕಿವಿ ಹತ್ತಿರ ತಂದರು.

"ಹೂಂ ತಾಯಿ, ಉಪ್ಪುನೀರೇ. ಹೆದರಬೇಡಿ."

ಇಲ್ಲ ಎಂದು ತಲೆ ಆಡಿಸಿದೆ. ಅದಷ್ಟಕ್ಕೇ ಕಣ್ಣು ಕತ್ತಲೆ ಬಂತು. ಸೆಟೆದುಕೊಂಡಿದ್ದ ಕೈಯನ್ನು ಎಳೆದು ಎತ್ತಿ, ಅತ್ತೆಯ ಸೊಂಟದ ಕಡೆ ತೋರಿಸಿದೆ. ಅತ್ತೆಯ ಮುಖ ನೋಡಬಾರದು ಎಂದುಕೊಂಡಿದ್ದೆ, ನೋಡಿಬಿಟ್ಟೆ. ಅವರ ಕೈ ತಾನಾಗಿಯೇ ಸೊಂಟ ಮುಚ್ಚಿಕೊಂಡಿತ್ತು.

ಡಾಕ್ಟರಿಗೆ ಅರ್ಥವಾಯಿತು. ಕೊಳವೆಯಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ಹಚ್ಚಿದರು.

"ಸಪ್ಪೆ!" ಎಂದು ಕೊಳವೆಯನ್ನು ಮಡಚಿ ಹಿಡಿದರು. "ಅಮ್ಮಾ! ಏನು ಮಾಡಿದ್ದೀರಿ ನೀವು? ಇದು ಒಳಗೆ ಹೋಗಿದ್ದರೆ ನಾನೇ ಕೊಂದ ಹಾಗಾಗುತ್ತಿತ್ತು!"

"ಅವ್ವಾ!" ಎಂದರು ಯಜಮಾನರು. ಅಷ್ಟೇ ಅವರಿಂದ ಆದದ್ದು.

ಅತ್ತೆ ತಲೆ ತಗ್ಗಿಸಲಿಲ್ಲ. "ಹೌದು, ಹಾಕ್ಲಿಲ್ಲ. ನಲವತ್ತು ವರ್ಷದಿಂದ ಮಿಡಿ ಹಾಕ್ತೀನಿ ಸ್ವಾಮಿ. ಉಪ್ಪು ಬಿದ್ದಿದ್ದೆಲ್ಲ ನೀರು ಬಿಟ್ಟು ಬಾಡ್ತದೆ. ಇವಳ ಕೈ ನೋಡ್ರಿ, ಆಗ್ಲೇ ಹೆಂಗಾಗೈತೆ. ಇನ್ನೂ ಉಪ್ಪು ಹಾಕಿ ಏನು ಉಪ್ಪಿನಕಾಯಿ ಮಾಡ್ತೀರಾ ಇವಳನ್ನ? ಇವಳಿಗೊಂದು ಕೂಸೈತೆ ಕಣ್ರೀ!"

ಎಂದವರೇ ಅತ್ತುಬಿಟ್ಟರು. ಆ ಮನೆಗೆ ಕಾಲಿಟ್ಟ ನಾಲ್ಕು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರು ಕೂಗಾಡಬಹುದಿತ್ತು. ಅವರ ಬೇರೆ ರೋಗಿಗಳು ಕರೆಯುತ್ತಿದ್ದರು. ಅವರು ಕೊಳವೆ ಹಿಡಿದುಕೊಂಡೇ ಮಂಡಿಯೂರಿ ಕೂತು, ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಕೇಳಿದರು. "ಅಮ್ಮಾ, ಒಣ ಅವರೆಕಾಳು ನೆನೆ ಹಾಕುವಾಗ ನೀರಿಗೆ ಉಪ್ಪು ಹಾಕ್ತೀರಾ?"

"ಯಾವ ಬುದ್ಧಿಗೇಡಿ ಹಾಕ್ತಾಳೆ? ಉಪ್ಪು ಹಾಕಿದ್ರೆ ಕಾಳು ಸರಿಯಾಗಿ ಉಬ್ಬಲ್ಲ."

"ಸಪ್ಪೆ ನೀರಲ್ಲಿ?"

"ಚೆನ್ನಾಗಿ ಉಬ್ಬಿ ಸಿಪ್ಪೆ ಬಿರೀತದೆ. ಹಿದುಕಿದ್ರೆ ಬೇಳೆ ಜಾರಿ ಬರ್ತದೆ."

"ನಿಮ್ಮ ಸೊಸೆಯ ರಕ್ತದಲ್ಲಿ ಅಂಥ ಕಾಳುಗಳು ತುಂಬಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ನೀರು ಅವುಗಳ ಸಿಪ್ಪೆ ದಾಟಿ ಒಳಗೂ ಹೋಗುತ್ತೆ, ಹೊರಗೂ ಬರುತ್ತೆ. ಉಪ್ಪು ಯಾವ ಕಡೆ ಹೆಚ್ಚೋ ಆ ಕಡೆಗೆ ಹೋಗುತ್ತೆ. ನೀವು ಹೇಳಿದ್ದು ಸುಳ್ಳಲ್ಲ. ಜಾಡಿಗೆ ಹಾಕೋವಷ್ಟು ಉಪ್ಪು ಹಾಕಿದರೆ ಮಿಡಿ ಥರವೇ ಬಾಡ್ತಾವೆ. ಬರೀ ಸಪ್ಪೆ ಬಿಟ್ಟರೆ ನೆನೆದ ಅವರೆಯ ಹಾಗೆ ಉಬ್ಬಿ ಒಡೀತಾವೆ. ಇವರಿಂದ ಬೆಳಗಿನಿಂದ ನೀರು ಮಾತ್ರ ಹೋಗಿಲ್ಲ, ಉಪ್ಪೂ ಹೋಗಿದೆ. ಎರಡನ್ನೂ ಹದವಾಗಿ ಕೊಡಬೇಕು. ಅದಕ್ಕೇ ತೂಗಿ ಕೊಟ್ಟೆ."

ಹದ ಎಂಬ ಮಾತು ಅತ್ತೆಗೆ ತಾಗಿತು ಎಂದು ನನಗೆ ಅನ್ನಿಸಿತು. ಸೊಂಟದಿಂದ ಪೊಟ್ಟಣ ತೆಗೆದರು. ಡಾಕ್ಟರು ಸೀಸೆಯ ನೀರನ್ನು ಮತ್ತೆ ಪಾತ್ರೆಗೆ ಬಗ್ಗಿಸಿದರು. ಅತ್ತೆ ಉಪ್ಪು ಸುರಿದರು, ಕಾಗದವನ್ನು ಬೆರಳಿನಿಂದ ತಟ್ಟಿ ತಟ್ಟಿ ಕೊನೆಯ ಹರಳನ್ನೂ ಬೀಳಿಸಿದರು. ಮತ್ತೆ ಒಂದು ಕುದಿ ಬರಿಸಿ, ಆರಿಸಿದರು. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ರುಚಿ ನೋಡಿದರು.

"ಇಷ್ಟೇನಾ? ಕಣ್ಣೀರಿನಷ್ಟೂ ಐತೋ ಇಲ್ಲವೋ" ಎಂದರು.

"ಅಷ್ಟೇ ಅಮ್ಮ" ಎಂದರು ಡಾಕ್ಟರು.

ನೀರು ಒಳಗೆ ಬರುವಾಗ ಏನೂ ಗೊತ್ತಾಗಲಿಲ್ಲ. ಸುಮಾರು ಅರ್ಧ ಸೀಸೆ ಇಳಿದಾಗ ಕಾಲಿನ ಗಂಟು ಬಿಟ್ಟಿತು. ಆಮೇಲೆ ಚಪ್ಪರದ ಗರಿಗಳು ಒಂದೊಂದಾಗಿ ಕಾಣತೊಡಗಿದವು. ಎರಡನೆಯ ಸೀಸೆಗೆ ನನ್ನ ಬಾಯಿಂದ ದನಿ ಬಂತು. ನಾನು ಆಡಿದ ಮೊದಲ ಮಾತು "ಮಗು ಏನು ಕುಡೀತು?" ಎಂದು. ಯಜಮಾನರು ನಕ್ಕರೋ ಅತ್ತರೋ, ಮುಖ ಆ ಕಡೆ ಮಾಡಿಕೊಂಡರು. ಡಾಕ್ಟರು ಮುಗಿಸಿ ಏಳುವಾಗ ಅತ್ತೆಗೆ, "ಇನ್ನು ಮೇಲೆ ಕೇಳಿದಾಗಲೆಲ್ಲ ಗುಟುಕು ಗುಟುಕಾಗಿ ಬಾಯಿಗೂ ಕೊಡಿ" ಎಂದು ಹೇಳಿ ಹೋದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಸಂಜೆ ಡಾಕ್ಟರು ಬಂದು, "ಮೂತ್ರ ಆಯ್ತಾ?" ಎಂದರು. ಆಗಿರಲಿಲ್ಲ. ಮಾರನೆಯ ಬೆಳಿಗ್ಗೆ ಕೇಳಿದರು, ಇಲ್ಲ. ಮಧ್ಯಾಹ್ನ ಇಲ್ಲ. ಅವರು ನಗುವುದನ್ನು ನಿಲ್ಲಿಸಿದರು. ಒಳಗೆ ಹೋದ ನೀರು ಹೊರಗೆ ಬರಲೇಬೇಕು, ಬಾರದಿದ್ದರೆ ಮೈಯಲ್ಲೇ ವಿಷ ಕೂಡುತ್ತದೆ ಎಂದು ಯಜಮಾನರಿಗೆ ತಟ್ಟಿಯಾಚೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಆಹಾ, ಏನು ಅವಸ್ಥೆ! ಹತ್ತೊಂಬತ್ತು ವರ್ಷದ ಹೆಣ್ಣು, ಗಂಡನ ಎದುರು ತಲೆಯೆತ್ತಿ ಮಾತಾಡದವಳು, ಇಡೀ ಚಪ್ಪರವೇ ನನ್ನ ಆ ಒಂದು ವಿಷಯಕ್ಕೆ ಕಾದು ಕೂತಿತ್ತು. ನೀರು ಹೊರುವವನೂ ಕೇಳುವವನೇ, "ಬಂತಾ ಅಮ್ಮಾ?" ನಾಚಿಕೆ ಒಂದು ಕಡೆ, ಜೀವಭಯ ಇನ್ನೊಂದು ಕಡೆ. ತಲೆ ಸಿಡಿಯುತ್ತಿತ್ತು, ಕಣ್ಣು ಮುಚ್ಚಿದರೆ ಮತ್ತೆ ತೆರೆಯುತ್ತೇನೋ ಇಲ್ಲವೋ ಎಂದು ಮುಚ್ಚುವುದಕ್ಕೇ ಹೆದರುತ್ತಿದ್ದೆ. ಡಾಕ್ಟರು ಸೊಂಟಕ್ಕೆ ಬಿಸಿ ಬಟ್ಟೆ ಕಟ್ಟಿಸಿದರು. ಅತ್ತೆ ಬದಲಾಯಿಸಿ ಬದಲಾಯಿಸಿ ಅವರ ಅಂಗೈ ಕೆಂಪಾಗಿತ್ತು. ಈ ಎರಡು ದಿನ ಅವರು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಬೆರಳು ಮಾಡಿ ತೋರಿಸಿದ್ದನ್ನು ಅವರು ಮರೆಯುವುದಿಲ್ಲ ಎಂದು ನಾನೂ ಸುಮ್ಮನಿದ್ದೆ.

ಮೂರನೆಯ ದಿನ ಬೆಳಿಗ್ಗೆ ಬಂತು. ನಾಲ್ಕು ಚಮಚದಷ್ಟು. ಅತ್ತೆ ಪಾತ್ರೆಯನ್ನು ಎತ್ತಿ ಹಿಡಿದು, ಮಡಿ ಮೈಲಿಗೆ ಒಂದನ್ನೂ ನೋಡದೆ, ಚಪ್ಪರದ ಈ ತುದಿಯಿಂದ ಆ ತುದಿಗೆ, "ಡಾಕ್ಟ್ರೇ, ಬಂತು ಕಣ್ರೀ! ನಮ್ಮ ರುದ್ರಿಗೆ ಬಂತು!" ಎಂದು ಕೂಗಿಕೊಂಡು ಓಡಿದರು. ಮಲಗಿದ್ದ ರೋಗಿಗಳಲ್ಲಿ ಒಬ್ಬಳು ನಕ್ಕಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಮೇಲೆ ಸೆರಗಿನೊಳಗೇ ಅತ್ತುಬಿಟ್ಟೆ, ಸಂತೋಷಕ್ಕೆ.

ಉಳಿದ ದಿನಗಳದ್ದು ಹೇಳುವಂಥದ್ದೇನಿಲ್ಲ. ಗಂಜಿ, ನಿದ್ದೆ, ಮತ್ತೆ ಗಂಜಿ. ಗಂಗಕ್ಕ ಮಗುವನ್ನು ದೂರದಿಂದ ಎತ್ತಿ ತೋರಿಸಿ ಹೋಗುತ್ತಿದ್ದಳು. ಮಗು ನನ್ನನ್ನು ಗುರುತು ಹಿಡಿಯದೆ ಅವಳ ಮೂಗುತಿ ಎಳೆಯುತ್ತಿತ್ತು. ಎದೆಹಾಲು ಬತ್ತಿಹೋಗಿತ್ತು. ಅದು ಮತ್ತೆ ಬರಲೇ ಇಲ್ಲ. ಅವನು ಹಸುವಿನ ಹಾಲಿನಲ್ಲೇ ಬೆಳೆದ, ಚೆನ್ನಾಗಿಯೇ ಬೆಳೆದ. ಕಾಯಿಲೆ ಬಿಟ್ಟ ಮೇಲೂ ಬಹಳ ದಿನ ನನಗೆ ಭಯ ಬಿಡಲಿಲ್ಲ. ಹೊಟ್ಟೆ ಗುಡುಗುಟ್ಟಿದರೆ ಸಾಕು, ಕೈಬೆರಳು ಸುಕ್ಕಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ನಿಮಗೂ ಹಾಗಾದರೆ ನಿಮಗೇನೋ ಹುಚ್ಚು ಎಂದುಕೊಳ್ಳಬೇಡಿ. ಮನಸ್ಸಿಗೆ ಚೇತರಿಸಿಕೊಳ್ಳಲು ಮೈಗಿಂತ ಹೆಚ್ಚು ದಿನ ಬೇಕು.

ಹನ್ನೊಂದನೆಯ ದಿನ ಗಾಡಿ ಬಂತು. ಯಜಮಾನರು ಮುಂದೆ ಕೂತರು, ಅತ್ತೆಯೂ ನಾನೂ ಹಿಂದೆ, ನಡುವೆ ಅದೇ ಬಿಂದಿಗೆ. ಹೊರಡುವ ಮೊದಲು ಅತ್ತೆ ಡಾಕ್ಟರ ಹತ್ತಿರ ಹೋಗಿ ಏನೋ ಕೇಳಿಕೊಂಡು ಬಂದಿದ್ದರು. ಬಂದವರ ಮುಖ ಸರಿಯಿರಲಿಲ್ಲ. ಬೆರಳು ಮಾಡಿ ತೋರಿಸಿದ್ದಕ್ಕೆ ಈಗ ಬೈಯುತ್ತಾರೆ ಎಂದು ನಾನು ಮೈ ಹಿಡಿ ಮಾಡಿಕೊಂಡು ಕೂತಿದ್ದೆ. ತಡೆಯಲಾರದೆ ನಾನೇ ಬಾಯಿಬಿಟ್ಟೆ.

"ತಪ್ಪಾಯ್ತು ಅತ್ತೆ. ಅವತ್ತು ಎಲ್ಲರೆದುರು ತೋರಿಸ್ಬಾರದಿತ್ತು."

"ತೋರಿಸ್ದೇ ಇದ್ದಿದ್ರೆ ಇವತ್ತು ಯಾರ ಜೊತೆ ಮಾತಾಡ್ತಿದ್ದೆ ನಾನು? ಸುಮ್ನಿರು."

ಸ್ವಲ್ಪ ದೂರ ಹೋದ ಮೇಲೆ ನನಗೆ ಬಾಯಾರಿತು. ಕೇಳಲು ಹಿಂಜರಿಯುತ್ತಲೇ ಕೇಳಿದೆ. ಅತ್ತೆ ಚೊಂಬಿಗೆ ಬಗ್ಗಿಸಿ ಕೊಟ್ಟರು. ಕುಡಿದೆ. ಇನ್ನೂ ಬೇಕೆನ್ನಿಸಿತು. "ಇನ್ನೊಂದು ಗುಟುಕು" ಎಂದೆ.

ಅವರು ಚೊಂಬು ಹಿಡಿದುಕೊಂಡು ಹಾಗೇ ಕೂತರು. ಗಾಡಿ ಕುಲುಕಿದಾಗ ನೀರು ಅವರ ಸೀರೆಯ ಮೇಲೆ ಚೆಲ್ಲಿತು.

"ಡಾಕ್ಟ್ರನ್ನ ಕೇಳ್ದೆ ಕಣೇ. ನನ್ನ ಗಿರಿಜಂಗೆ ನೀರು ಕೊಟ್ಟಿದ್ದಕ್ಕೇ ಹೋದ್ಲಾ ಅಂತ. ಇಷ್ಟು ವರ್ಷ ಹಂಗೇ ಅಂದ್ಕೊಂಡು ಸಾಯ್ತಿದ್ದೆ. ಅಲ್ಲಮ್ಮ, ನೀರಿನಿಂದ ಹೋಗ್ಲಿಲ್ಲ, ಕೊಟ್ಟಿದ್ದು ಒಳ್ಳೇದೇ ಮಾಡಿದ್ರಿ ಅಂದ್ರು."

"ನೋಡಿ ಮತ್ತೆ! ನಿಮ್ಮ ತಪ್ಪಲ್ಲ ಅತ್ತೆ" ಎಂದೆ ನಾನು. ಅವರ ಮನಸ್ಸು ಹಗುರವಾಗಿರಬೇಕು ಎಂದುಕೊಂಡೆ, ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

"ಎರಡು ಗುಟುಕು ಕೊಟ್ಟಿದ್ದೆ ಕಣೇ" ಎಂದರು ಅತ್ತೆ. "ಮೂರನೇದು ಕೇಳಿದ್ಲು. ಅವ್ವಾ ಅವ್ವಾ ಅಂತ ಕೈ ಚಾಚಿದ್ಲು. ನನಗೆ ಭಯ ಆಗ್ಬಿಡ್ತು. ಚೊಂಬು ಕಿತ್ಕೊಂಡು ಆಚೆ ಎಸೆದ್ಬಿಟ್ಟೆ."

ಮುಂದೆ ಕೂತಿದ್ದ ಯಜಮಾನರು ಹಿಂದಿರುಗಿ ನೋಡಲಿಲ್ಲ, ಆದರೆ ಅವರಿಗೂ ಕೇಳಿಸಿತ್ತು. ಅತ್ತೆ ಚೊಂಬನ್ನು ಬಿಂದಿಗೆಯಿಂದ ಕಂಠದ ಮಟ್ಟ ತುಂಬಿದರು. ನನ್ನ ಎರಡು ಕೈಗಳನ್ನೂ ಅದರ ಸುತ್ತ ಇಟ್ಟು, ಮೇಲಿನಿಂದ ತಮ್ಮ ಕೈಗಳಿಂದ ಅದುಮಿದರು.

"ಕುಡಿ ರುದ್ರಿ. ಸಾಕು ಅಂತ ನೀನೇ ಹೇಳೋವರೆಗೂ ಕುಡಿ" ಎಂದರು.